ದುರ್ಗಂಧದ ಮರಗಳು: ಅವುಗಳ ರಸಾಯನ, ಹೆಸರು ಮತ್ತು ಪಾಡು

ಮರವೆಂದೊಡನೆ ಕನ್ನಡಿಗರ ಮನಸ್ಸಿಗೆ ಮೊದಲು ಬರುವ ವಾಸನೆ ಶ್ರೀಗಂಧದ್ದು. ‘ಗಂಧ’ವೆಂಬ ಸಂಸ್ಕೃತ ಶಬ್ದಕ್ಕೆ ವಾಸನೆ ಎಂದಷ್ಟೇ ಅರ್ಥ, ಅದು ಒಳ್ಳೆಯದೂ ಆಗಬಹುದು, ಕೆಟ್ಟದ್ದೂ ಆಗಬಹುದು. ಆದರೆ ನಮ್ಮ ನಾಡಿನಲ್ಲಿ ಆ ಶಬ್ದವು ಒಂದು ಮರದ ಹೆಸರೇ ಆಗಿ ನಿಂತಿತು. ‘ನಾರು’ ಎಂಬ ಕ್ರಿಯಾಪದದ ಕಥೆ ಇದಕ್ಕೆ ವಿರುದ್ಧವಾದುದು. ಹಳಗನ್ನಡದಲ್ಲಿ ಅದು ವಾಸನೆ ಬೀರು ಎಂಬ ಸಾಮಾನ್ಯಾರ್ಥದಲ್ಲಿ ಬಳಕೆಯಾಗುತ್ತಿತ್ತು. ಇಂದು ಕೆಟ್ಟ ವಾಸನೆಗೆ ಮಾತ್ರ ಸಲ್ಲುತ್ತದೆ. ತಮಿಳಿನಲ್ಲಿಯೂ ಈ ಧಾತುವಿಗೆ ಇದೇ ಗತಿ ಒದಗಿದೆ. ಗಂಧವು ಮೇಲಕ್ಕೇರಿತು, ನಾತವು ಕೆಳಕ್ಕಿಳಿಯಿತು. ಸುವಾಸನೆಯ ಮರಗಳ ವಿಷಯವಾಗಿ ನಮ್ಮಲ್ಲಿ ಬೇಕಾದಷ್ಟು ಬರವಣಿಗೆ ಉಂಟು. ನಾರುವ ಮರಗಳ ವಿಷಯವಾಗಿ ಇರುವುದು ಬಹು ಸ್ವಲ್ಪ. ಈ ಲೇಖನದಲ್ಲಿ ನಾವು ಆ ಎರಡನೆಯ ಗುಂಪನ್ನು ಪರಿಶೀಲಿಸಲು ತೊಡಗಿದ್ದೇವೆ.

ನಮ್ಮ ಅಭಿಪ್ರಾಯವನ್ನು ಆರಂಭದಲ್ಲಿಯೇ ಸೂಚಿಸುವುದು ಉಚಿತ. ‘ದುರ್ಗಂಧದ ಮರ’ ಎಂಬುದು ಒಂದು ಗುಣದ ಹೆಸರಲ್ಲ. ಒಂದಕ್ಕೊಂದು ಸಂಬಂಧವಿಲ್ಲದ ಹಲವು ಸಂಗತಿಗಳಿಗೆ ನಮ್ಮ ಮೂಗು ಕೊಟ್ಟಿರುವ ಒಂದೇ ತೀರ್ಪು. ಆ ವಾಸನೆ ಯಾವ ಭಾಗದಿಂದ, ಯಾವ ವಸ್ತುವಿನಿಂದ, ಯಾವ ಸ್ಥಿತಿಯಲ್ಲಿ ಹೊರಡುತ್ತದೆಂಬುದನ್ನು ಬೇರೆ ಬೇರೆಯಾಗಿ ಅರಿತಾಗಲೇ ಅದು ಶಾಸ್ತ್ರಕ್ಕೆ ಉಪಯೋಗವಾಗುತ್ತದೆ. ಹಾಗೆ ಅರಿಯದೆ ಮರವನ್ನು ಅದರ ನಾತಕ್ಕೇ ಬಿಟ್ಟರೆ, ಅದರೊಳಗಿನ ಬೆಲೆಯುಳ್ಳ ವಸ್ತುವನ್ನು ಕಾಣುವುದು ತಡವಾಗುತ್ತದೆ; ಕಂಡ ಮೇಲೆ ಮರವನ್ನು ಉಳಿಸಿಕೊಳ್ಳುವುದು ಇನ್ನೂ ಕಷ್ಟವಾಗುತ್ತದೆ.

೧. ವಾಸನೆ ಮರದಲ್ಲಿ ನೆಲಸುವ ಬಗೆ

ಕಾಂಡವನ್ನು ಅಡ್ಡಲಾಗಿ ಕೊಯ್ದು ನೋಡಿದರೆ ಸಾಮಾನ್ಯವಾಗಿ ಎರಡು ವಲಯಗಳು ಕಾಣುತ್ತವೆ: ಹೊರಗಿನ ತೆಳುಬಣ್ಣದ ರಸಕಾಷ್ಠ ಮತ್ತು ಒಳಗಿನ ಗಾಢಬಣ್ಣದ ಚೇಗು. ರಸಕಾಷ್ಠದಲ್ಲಿ ಜೀವಂತ ಕೋಶಗಳು ಇನ್ನೂ ಇರುತ್ತವೆ. ನೀರು ಅದರ ಮೂಲಕ ಮೇಲೇರುತ್ತದೆ. ವರ್ಷಗಳು ಕಳೆದಂತೆ ಒಳಭಾಗದ ಜೀವಕೋಶಗಳು ಸಾಯುತ್ತವೆ. ಸಾಯುವ ಮುನ್ನ ಅವು ತಮ್ಮಲ್ಲಿದ್ದ ಪಿಷ್ಟ, ಸಕ್ಕರೆ ಮುಂತಾದ ಸಂಗ್ರಹವನ್ನು ಬೇರೆ ವಸ್ತುಗಳಾಗಿ ಮಾರ್ಪಡಿಸಿ ಸುತ್ತಲಿನ ಕೋಶಭಿತ್ತಿಗಳಲ್ಲಿಯೂ ನಾಳಗಳಲ್ಲಿಯೂ ತುಂಬುತ್ತವೆ. ಚೇಗಿನ ಬಣ್ಣ, ಬಾಳಿಕೆ, ವಾಸನೆ ಇವುಗಳಿಗೆಲ್ಲ ಮುಖ್ಯವಾಗಿ ಈ ಶೇಖರಿತ ವಸ್ತುಗಳೇ ಕಾರಣ. ಶ್ರೀಗಂಧದಲ್ಲಿ ಪರಿಮಳವಿರುವುದು ಚೇಗಿನಲ್ಲಿಯೇ ಹೊರತು ರಸಕಾಷ್ಠದಲ್ಲಲ್ಲವೆಂಬುದು ಎಲ್ಲರೂ ಬಲ್ಲ ಸಂಗತಿ. ನಾರುವ ಮರಗಳಲ್ಲಿಯೂ ಅನೇಕ ಕಡೆ ಇದೇ ಕ್ರಮವು ತೋರುತ್ತದೆ: ಎಳೆಯ ಕೊಂಬೆಗಳಲ್ಲಿ ನಾತವಿಲ್ಲ, ಬಲಿತ ಕಾಂಡದಲ್ಲಿ ಉಂಟು. ಪರಿಮಳವೂ ದುರ್ಗಂಧವೂ ಮರದ ಮಟ್ಟಿಗೆ ಒಂದೇ ವ್ಯವಹಾರದ ಎರಡು ಫಲಗಳು. ಭೇದವಿರುವುದು ನಮ್ಮ ಮೂಗಿನಲ್ಲಿ.

ಒಂದು ವಸ್ತುವು ನಮಗೆ ವಾಸನೆಯಾಗಿ ತೋರಬೇಕಾದರೆ ಅದರ ಅಣುಗಳು ಮರವನ್ನು ಬಿಟ್ಟು ಗಾಳಿಗೆ ಬರಬೇಕು. ಬೇಗ ಆವಿಯಾಗುವ ವಸ್ತುವಾದರೆ ಕೊಡಲಿಯೇಟು ಬಿದ್ದ ಕೂಡಲೇ ನಾತವು ಹೊಮ್ಮಿ, ಮರ ಒಣಗುವಷ್ಟರಲ್ಲಿ ಮುಗಿದುಹೋಗುತ್ತದೆ. ನಿಧಾನವಾಗಿ ಆವಿಯಾಗುವ ವಸ್ತುವಾದರೆ ಒಣಗಿದ ಹಲಗೆಯಲ್ಲಿಯೂ ಬಹುಕಾಲ ಉಳಿಯುತ್ತದೆ. ಒಣಮರದಲ್ಲಿ ಅಡಗಿದ್ದ ವಾಸನೆಯು ನೀರು ಚಿಮುಕಿಸಿದಾಗ ಮತ್ತೆ ಏಳುವುದುಂಟು. ಕೋಶಭಿತ್ತಿಗೆ ಅಂಟಿಕೊಂಡಿದ್ದ ಅಣುಗಳ ಸ್ಥಾನವನ್ನು ನೀರಿನ ಅಣುಗಳು ಆಕ್ರಮಿಸಿ ಅವುಗಳನ್ನು ಹೊರಡಿಸುವುದೇ ಇದಕ್ಕೆ ಕಾರಣ. ಈ ಎರಡು ಮಾತುಗಳನ್ನು, ಅಂದರೆ ಆವಿಯಾಗುವ ವೇಗವನ್ನೂ ನೀರಿನ ಪ್ರಭಾವವನ್ನೂ, ವಾಚಕರು ಮನಸ್ಸಿನಲ್ಲಿಟ್ಟುಕೊಂಡರೆ ಮುಂದೆ ಹೇಳುವ ಸಂಗತಿಗಳು ಸುಲಭವಾಗಿ ತಿಳಿಯುತ್ತವೆ.

೨. ಸಾರಜನಕದ ನಾತ: ಸಿಂಹಳದ ಗುರೆಂದ

ನಾರುವ ಮರಗಳ ಪೈಕಿ ಅತ್ಯಂತ ಕುಪ್ರಸಿದ್ಧವಾದುದು ಸೆಲ್ಟಿಸ್ ಟಿಮೊರೆನ್ಸಿಸ್. ಹಿಂದೆ ಎಲ್ಮ್ ಮರದ ಕುಟುಂಬದಲ್ಲಿ ಎಣಿಕೆಯಾಗುತ್ತಿದ್ದ ಸೆಲ್ಟಿಸ್ ಕುಲವನ್ನು ಈಗ ಸೆಣಬಿಗೂ ಭಂಗಿಗೂ ಮೂಲವಾದ ಕ್ಯಾನಬಿಸ್ ಗಿಡದ ಕುಟುಂಬಕ್ಕೆ ಸೇರಿಸಿದ್ದಾರೆ. ಈ ಮರವು ಪಶ್ಚಿಮಘಟ್ಟಗಳ ಕಾಡುಗಳಿಂದ ಮೊದಲ್ಗೊಂಡು ಸಿಂಹಳದ ಮೂಲಕ ಆಗ್ನೇಯ ಏಷ್ಯದ ದ್ವೀಪಗಳವರೆಗೆ ಹಬ್ಬಿದೆ. ಸಿಂಹಳೀಯರು ಇದನ್ನು ‘ಗುರೆಂದ’ ಎಂದು ಕರೆಯುತ್ತಾರೆ. ಸಿಂಹಳದ ಕರಾವಳಿಯನ್ನು ಆಳುತ್ತಿದ್ದ ಡಚ್ಚರು ಇದಕ್ಕೆ ‘ಮಲದ ಮರ’ವೆಂಬ ಅರ್ಥ ಬರುವ ಹೆಸರನ್ನು ನಿಸ್ಸಂಕೋಚವಾಗಿ ಇಟ್ಟಿದ್ದರು.

ಲಿನೇಯಸನ ಶಿಷ್ಯನಾದ ಕಾರ್ಲ್ ಪೀಟರ್ ಥುನ್‌ಬರ್ಗನು ಜಪಾನಿನಿಂದ ಹಿಂದಿರುಗುವ ದಾರಿಯಲ್ಲಿ ೧೭೭೭-೭೮ರಲ್ಲಿ ಸಿಂಹಳದಲ್ಲಿ ತಂಗಿದ್ದನು. ಈ ಮರದ ವಿಷಯವಾಗಿ ಅವನು ಬರೆದಿಟ್ಟ ವಿವರಣೆಯು ಸಂಕ್ಷಿಪ್ತವಾದರೂ ಇಂದಿಗೂ ಮಾದರಿಯಾಗಿದೆ. ನಾತವು ದಪ್ಪ ಕಾಂಡದಲ್ಲಿಯೂ ದೊಡ್ಡ ಕೊಂಬೆಗಳಲ್ಲಿಯೂ ನೆಲಸಿದೆಯೆಂದೂ, ಅದು ಮನುಷ್ಯಮಲದ ವಾಸನೆಯಿಂದ ಸ್ವಲ್ಪವೂ ಬೇರೆಯಾಗಿ ತೋರುವುದಿಲ್ಲವೆಂದೂ, ಮರವನ್ನು ಉಜ್ಜಿ ಆ ಪುಡಿಗೆ ನೀರು ಚಿಮುಕಿಸಿದರೆ ಸಹಿಸಲಾಗದಷ್ಟು ಹೆಚ್ಚುತ್ತದೆಂದೂ ಅವನು ಗುರುತಿಸಿದನು. ಅಷ್ಟಕ್ಕೇ ನಿಲ್ಲಿಸದೆ, ಸಿಂಹಳೀಯರು ಈ ಮರವನ್ನು ನುಣ್ಣಗೆ ತೇದು ನಿಂಬೆಯ ರಸದಲ್ಲಿ ಕಲಸಿ ಕಜ್ಜಿ ಮೊದಲಾದ ಚರ್ಮರೋಗಗಳಿಗೆ ರಕ್ತಶೋಧಕವೆಂದು ಒಳಕ್ಕೆ ಸೇವಿಸುತ್ತಾರೆ, ಮೈಗೂ ಹಚ್ಚಿಕೊಳ್ಳುತ್ತಾರೆ ಎಂಬುದನ್ನೂ ದಾಖಲಿಸಿದನು. ಭಾಗ, ಹೋಲಿಕೆ, ನೀರಿನ ಪರಿಣಾಮ, ಜನರ ಬಳಕೆ: ಇವು ನಾಲ್ಕೂ ಅವನ ಕೆಲವೇ ವಾಕ್ಯಗಳಲ್ಲಿ ಅಡಕವಾಗಿವೆ.

ಅವನ ಮೂಗು ಕೊಟ್ಟ ಸಾಕ್ಷಿಯು ಎಷ್ಟು ನಿಜವೆಂಬುದು ನೂರಕ್ಕೂ ಮಿಕ್ಕ ವರ್ಷಗಳ ಬಳಿಕ ಸಿದ್ಧವಾಯಿತು. ೧೮೭೭ರಲ್ಲಿ ಜರ್ಮನಿಯ ಲುಡ್ವಿಗ್ ಬ್ರೀಗರನು ಮನುಷ್ಯಮಲದಿಂದ ಒಂದು ಸ್ಫಟಿಕವಸ್ತುವನ್ನು ಬೇರ್ಪಡಿಸಿ, ಮಲವೆಂಬರ್ಥದ ಗ್ರೀಕ್ ಶಬ್ದದಿಂದ ಅದಕ್ಕೆ ‘ಸ್ಕಟೋಲ್’ ಎಂದು ಹೆಸರಿಟ್ಟನು. ೧೮೮೯ರಲ್ಲಿ ಇಂಗ್ಲೆಂಡಿನ ರಸಾಯನಜ್ಞ ವಿಂಡಮ್ ಡನ್‌ಸ್ಟನ್ನನು ಸೆಲ್ಟಿಸ್ ರೆಟಿಕ್ಯುಲೋಸದ ಕಾಷ್ಠದಲ್ಲಿರುವುದು ಇದೇ ಸ್ಕಟೋಲ್ ಎಂದು ತೋರಿಸಿ ಲಂಡನ್ನಿನ ರಾಯಲ್ ಸೊಸೈಟಿಯ ಕಾರ್ಯಕಲಾಪಗಳಲ್ಲಿ ಪ್ರಕಟಿಸಿದನು. ಈ ರೆಟಿಕ್ಯುಲೋಸವೆಂಬುದು ಸೆಲ್ಟಿಸ್ ಟಿಮೊರೆನ್ಸಿಸಿನ ಹಳೆಯ ಪರ್ಯಾಯನಾಮವೇ ಆಗಿದೆ. ಪ್ರಾಣಿಯ ಕರುಳಿಗಷ್ಟೇ ಸೇರಿದುದೆಂದು ತಿಳಿದಿದ್ದ ವಸ್ತುವೊಂದು ಸಸ್ಯವರ್ಗದಲ್ಲಿಯೂ ಉಂಟೆಂಬುದು ಆ ಲೇಖನದ ಮುಖ್ಯ ಪ್ರಮೇಯ. ಮುಂದೆ ಅಮೆರಿಕ ಖಂಡದ ನೆಕ್ಟಾಂಡ್ರ ಎಂಬ ಕುಲದ ಮರದಲ್ಲಿಯೂ ಸ್ಕಟೋಲ್ ದೊರೆಯಿತು. ಅದು ದಾಲ್ಚಿನ್ನಿಯ ಕುಟುಂಬಕ್ಕೆ ಸೇರಿದುದು. ಸೆಲ್ಟಿಸಿಗೂ ಅದಕ್ಕೂ ಹತ್ತಿರದ ನಂಟಿಲ್ಲ. ಆದುದರಿಂದ ಒಂದೇ ವಾಸನೆಯಿದ್ದ ಮಾತ್ರಕ್ಕೆ ಎರಡು ಮರಗಳು ಬಂಧುಗಳೆಂದು ಊಹಿಸಲಾಗದು.

ಸ್ಕಟೋಲಿನ ಅಣುವಿನಲ್ಲಿ ಒಂಬತ್ತು ಇಂಗಾಲ, ಒಂಬತ್ತು ಜಲಜನಕ ಮತ್ತು ಒಂದು ಸಾರಜನಕ ಪರಮಾಣುಗಳಿವೆ. ರಸಾಯನಶಾಸ್ತ್ರದಲ್ಲಿ ಅದರ ಹೆಸರು ೩-ಮೀಥೈಲ್ ಇಂಡೋಲ್. ಕರುಳಿನಲ್ಲಿ ಅದು ಆಹಾರದ ಸಸಾರಜನಕದಲ್ಲಿರುವ ಟ್ರಿಪ್ಟೊಫ್ಯಾನ್ ಎಂಬ ಅಮೈನೋ ಆಮ್ಲದಿಂದ ಬ್ಯಾಕ್ಟೀರಿಯಗಳ ಕ್ರಿಯೆಯ ಮೂಲಕ ಹುಟ್ಟುತ್ತದೆ. ಶುದ್ಧ ಸ್ಕಟೋಲು ಸುಮಾರು ೯೫ ಡಿಗ್ರಿ ಸೆಂಟಿಗ್ರೇಡಿನಲ್ಲಿ ಕರಗುವ, ಸುಮಾರು ೨೬೫ ಡಿಗ್ರಿಯಲ್ಲಿ ಕುದಿಯುವ ಬಿಳಿಯ ಹರಳು. ಇಂಥ ವಸ್ತುವು ಸಾಧಾರಣ ಉಷ್ಣತೆಯಲ್ಲಿ ಬಹು ನಿಧಾನವಾಗಿ ಆವಿಯಾಗುತ್ತದೆ. ಗುರೆಂದದ ನಾತವು ಒಣಗಿದ ತುಂಡಿನಲ್ಲಿಯೂ ಉಳಿದು, ನೀರು ಸೋಕಿದಾಗ ಮರಳಿ ಏಳುವುದರ ರಹಸ್ಯ ಇದೇ.

ಇಲ್ಲಿ ಗಮನಿಸಬೇಕಾದ ಇನ್ನೊಂದು ಅಂಶವುಂಟು. ಪುನುಗಿನ ಬೆಕ್ಕಿನ ಗ್ರಂಥಿಯಿಂದ ದೊರೆಯುವ, ನಮ್ಮ ಪೂರ್ವಿಕರು ಕಸ್ತೂರಿಯ ಜೊತೆಯಲ್ಲಿ ಎಣಿಸುತ್ತಿದ್ದ ಪುನುಗಿನಲ್ಲಿಯೂ ಸ್ಕಟೋಲಿನ ಅಂಶವಿದೆ. ಸ್ಕಟೋಲಿನ ಸೋದರವಸ್ತುವಾದ ಇಂಡೋಲು ಮಲ್ಲಿಗೆಯ ಪರಿಮಳದಲ್ಲಿ ಸೇರಿಕೊಂಡಿದೆ. ಅದನ್ನು ಪೂರ್ತಿಯಾಗಿ ತೆಗೆದರೆ ಮಲ್ಲಿಗೆಯು ಮಲ್ಲಿಗೆಯಂತೆ ತೋರದು. ಸುಗಂಧದ್ರವ್ಯಗಳನ್ನು ಸಿದ್ಧಪಡಿಸುವವರು ಸ್ಕಟೋಲನ್ನು ಅತ್ಯಲ್ಪ ಪ್ರಮಾಣದಲ್ಲಿ ಬಳಸುವುದುಂಟು. ಮಧ್ಯ ಹಾಗೂ ದಕ್ಷಿಣ ಅಮೆರಿಕಗಳ ಒಂದು ಜಾತಿಯ ಗಂಡುದುಂಬಿಗಳಂತೂ ಇದೇ ವಸ್ತುವಿಗೆ ಆಕರ್ಷಿತವಾಗಿ ಹೂವುಗಳನ್ನು ಅರಸುತ್ತವೆ. ಹೀಗಿರುವುದರಿಂದ ದುರ್ಗಂಧವೆಂಬುದು ವಸ್ತುವಿನಲ್ಲಿ ಮಾತ್ರವಲ್ಲದೆ ಅದರ ಪ್ರಮಾಣದಲ್ಲಿಯೂ, ಅದನ್ನು ಆಘ್ರಾಣಿಸುವ ಜೀವಿಯಲ್ಲಿಯೂ ನೆಲೆಗೊಂಡಿದೆಯೆಂದು ಹೇಳಬೇಕಾಗುತ್ತದೆ.

೩. ಗಂಧಕದ ನಾತ

ಎರಡನೆಯ ವರ್ಗದ ಮರಗಳಲ್ಲಿ ನಾತಕ್ಕೆ ಕಾರಣವಾದುದು ಗಂಧಕದ ಸಂಯುಕ್ತಗಳು. ವಾಸನೆಯುಳ್ಳದ್ದೆಂಬ ಅರ್ಥದಲ್ಲಿ ಆ ಮೂಲವಸ್ತುವಿಗೆ ನಮ್ಮವರು ಕೊಟ್ಟ ಹೆಸರು ಎಷ್ಟು ಸಾರ್ಥಕವೆಂಬುದು ಇಲ್ಲಿ ತಿಳಿಯುತ್ತದೆ. ಈ ಸಂಯುಕ್ತಗಳಲ್ಲಿ ಸರಳವಾದುದು ಮೀಥೇನ್‌ಥಯಾಲ್. ಕೊಳೆತ ಎಲೆಕೋಸಿನ ವಾಸನೆಯುಳ್ಳ ಅನಿಲವಿದು. ಸುಮಾರು ೬ ಡಿಗ್ರಿ ಸೆಂಟಿಗ್ರೇಡಿನಲ್ಲಿಯೇ ಕುದಿಯುವುದರಿಂದ ಗಿಡಕ್ಕೆ ಗಾಯವಾದ ಕ್ಷಣದಲ್ಲಿಯೇ ಅದು ಗಾಳಿಗೆ ಸೇರುತ್ತದೆ. ನೂರು ಕೋಟಿ ಭಾಗ ಗಾಳಿಯಲ್ಲಿ ಕೆಲವೇ ಭಾಗಗಳಷ್ಟಿದ್ದರೂ ನಮ್ಮ ಮೂಗು ಅದನ್ನು ಹಿಡಿಯಬಲ್ಲದು. ಅಡಿಗೆ ಅನಿಲದ ಸೋರಿಕೆ ತಿಳಿಯಲೆಂದು ಬೆರೆಸುವ ನಾತದ್ರವ್ಯವೂ ಇದರ ದಾಯಾದಿಯೇ.

ಕ್ಯಾಪ್ಟನ್ ಕುಕ್ಕನ ಎರಡನೆಯ ಯಾನದಲ್ಲಿ, ಅಂದರೆ ೧೭೭೨-೭೫ರಲ್ಲಿ, ಅವನ ಜೊತೆಗಿದ್ದ ಫಾರ್ಸ್ಟರ್ ತಂದೆಮಕ್ಕಳು ನ್ಯೂಜಿಲೆಂಡಿನ ಕಾಡಿನಲ್ಲಿ ಒಂದು ಪೊದೆಮರವನ್ನು ಕಂಡು ಅದಕ್ಕೆ ಕೊಪ್ರೊಸ್ಮ ಫೀಟಿಡಿಸ್ಸಿಮ ಎಂದು ಹೆಸರಿಟ್ಟರು. ಕುಲನಾಮಕ್ಕೆ ಸಗಣಿಯ ವಾಸನೆಯದೆಂದೂ ಜಾತಿನಾಮಕ್ಕೆ ಅತ್ಯಂತ ನಾರುವುದೆಂದೂ ಅರ್ಥ. ಅಲ್ಲಿನ ಮಾವೊರಿ ಜನರು ಅದನ್ನು ‘ಹೂಪಿರೊ’ ಎನ್ನುತ್ತಾರೆ. ಆ ಹೆಸರಿನಲ್ಲಿರುವ ‘ಪಿರೊ’ ಎಂಬುದಕ್ಕೂ ನಾರುವುದೆಂದೇ ಅರ್ಥ. ಎಲೆಯನ್ನು ಹಿಸುಕಿದಾಗ, ಕೊಂಬೆಯನ್ನು ಮುರಿದಾಗ ಹೊಮ್ಮುವ ವಾಸನೆಗೆ ಮೀಥೇನ್‌ಥಯಾಲೇ ಕಾರಣ.

ಕೊಪ್ರೊಸ್ಮವು ರೂಬಿಯೇಸಿ ಕುಟುಂಬಕ್ಕೆ ಸೇರಿದೆ. ಕೊಳೆತ ವಾಸನೆಯದೆಂಬ ಅರ್ಥವುಳ್ಳ ಸಪ್ರೊಸ್ಮ ಎಂಬ ಇನ್ನೊಂದು ಕುಲವೂ ಇದೇ ಕುಟುಂಬದ್ದು. ಅದರ ಪೊದೆಗಳು ನಮ್ಮ ಪಶ್ಚಿಮಘಟ್ಟಗಳಲ್ಲಿವೆ. ಸಂಸ್ಕೃತ ವೈದ್ಯಗ್ರಂಥಗಳ ಪ್ರಸಾರಣಿ, ಅಂದರೆ ಪೀಡೇರಿಯ ಫೀಟಿಡವೆಂಬ ಬಳ್ಳಿಯೂ ಇದೇ ಬಳಗದ್ದು. ಅದರ ಎಲೆಯಲ್ಲಿ ವಾಸನೆಯಿಲ್ಲದ ಒಂದು ಗ್ಲೈಕೋಸೈಡು ಇರುತ್ತದೆ; ಎಲೆ ಹಿಸುಕಿದಾಗ ಅದು ಒಡೆದು ಮೀಥೇನ್‌ಥಯಾಲು ಹೊರಬೀಳುತ್ತದೆ. ಗಿಡವು ನಾತವನ್ನೇ ಸಂಗ್ರಹಿಸಿಡುವುದಿಲ್ಲ. ನಾತವಾಗಬಲ್ಲ ವಸ್ತುವನ್ನು ಸಿದ್ಧವಾಗಿಟ್ಟಿರುತ್ತದೆ ಎಂಬುದು ಇದರಿಂದ ಸ್ಪಷ್ಟವಾಗುತ್ತದೆ. ಅಸ್ಸಾಮ್ ಮತ್ತು ಬಂಗಾಳಗಳಲ್ಲಿ ಇದೇ ಎಲೆಯನ್ನು ಬೇಯಿಸಿ ಊಟಕ್ಕೆ ಬಳಸುತ್ತಾರೆ. ನಮ್ಮ ಕೊಡಗು, ಚಿಕ್ಕಮಗಳೂರುಗಳ ಕಾಫಿ ಗಿಡವೂ ರೂಬಿಯೇಸಿಯದೇ ಎಂಬುದನ್ನು ವಿದ್ಯಾರ್ಥಿಗಳು ನೆನೆಯಬಹುದು. ಆಗತಾನೆ ಹುರಿದ ಕಾಫಿಬೀಜದ ಘಮದಲ್ಲಿಯೂ ಮೀಥೇನ್‌ಥಯಾಲು ಲೇಶಮಾತ್ರವಾಗಿ ಸೇರಿದೆ. ಆದರೆ ಅದು ಹುರಿಯುವಾಗ ಹುಟ್ಟಿದ್ದು, ಗಿಡದ ಕಟ್ಟಿಗೆಯಿಂದ ಬಂದುದಲ್ಲ.

ಬೆಳ್ಳುಳ್ಳಿಯ ವಾಸನೆಯ ಮರಗಳೂ ಗಂಧಕದ ವರ್ಗಕ್ಕೆ ಸೇರುತ್ತವೆ. ಬ್ರೆಜಿಲಿನ ಗಲ್ಲೇಸಿಯ ಮರವನ್ನು ಅಲ್ಲಿನವರು ಪೋರ್ಚುಗೀಸಿನಲ್ಲಿ ‘ಬೆಳ್ಳುಳ್ಳಿಮರ’ವೆಂದೇ ಕರೆಯುತ್ತಾರೆ. ಮಧ್ಯ ಆಫ್ರಿಕದ ಸ್ಕೊರೊಡೊಫ್ಲೀಯಸ್ ಎಂಬ ಮರದ ತೊಗಟೆಗೂ ಅದೇ ವಾಸನೆ. ಕ್ಯಾಮರೂನ್, ಕಾಂಗೊ ದೇಶಗಳಲ್ಲಿ ಅದನ್ನು ಸಾಂಬಾರವಸ್ತುವಾಗಿ ಉಪಯೋಗಿಸುತ್ತಾರೆ. ಇಂಗನ್ನು ಒಗ್ಗರಣೆಗೆ ಹಾಕುವ ನಮಗೆ ಇದೇನೂ ವಿಚಿತ್ರವಾಗಿ ತೋರಬೇಕಾಗಿಲ್ಲ. ಇಂಗಿನ ಕಟುವಾಸನೆಗೂ ಗಂಧಕವೇ ಮೂಲ.

ಕಾಲೇಜಿನ ಅಂಗಳದಲ್ಲಿಯೇ ಪರೀಕ್ಷಿಸಬಹುದಾದ ಉದಾಹರಣೆಯೊಂದುಂಟು. ಅದು ಕಾಷ್ಠದ್ದಲ್ಲ, ಬೇರಿನದು. ಮುಟ್ಟಿದರೆ ಮುನಿ ಗಿಡದ ಬೇರು ಗಂಧಕದ ದುರ್ವಾಸನೆಯನ್ನು ಹೊರಡಿಸುತ್ತದೆ. ೨೦೧೬ರಲ್ಲಿ ಪ್ರಕಟವಾದ ಸಂಶೋಧನೆಯೊಂದರಿಂದ, ಆ ಗಿಡದ ಎಳೆಯ ಬೇರುಗಳು ಮನುಷ್ಯನ ಬೆರಳು ಸೋಕಿದಾಗ ಈ ವಸ್ತುಗಳನ್ನು ಬಿಡುಗಡೆ ಮಾಡುತ್ತವೆಂದೂ, ಗಾಜು ಅಥವಾ ಲೋಹ ಸೋಕಿದಾಗ ಮಾಡುವುದಿಲ್ಲವೆಂದೂ ತಿಳಿದುಬಂದಿದೆ. ಎಲೆಯ ಮುನಿಸನ್ನು ಕಂಡವರು ಲಕ್ಷಾಂತರ ಮಂದಿ. ಬೇರಿನ ಮುನಿಸನ್ನು ಗಮನಿಸಿದವರು ವಿರಳ.

೪. ಮರದ್ದಲ್ಲದ ನಾತ

ಮೂರನೆಯ ವರ್ಗದಲ್ಲಿ ನಾತವು ಮರದ ಸ್ವಂತ ಸೊತ್ತಲ್ಲ. ಎಲ್ಮ್, ಪಾಪ್ಲರ್, ಓಕ್ ಮುಂತಾದ ಸಮಶೀತೋಷ್ಣ ದೇಶದ ಮರಗಳ ಚೇಗು ಕೆಲವೊಮ್ಮೆ ನೀರು ತುಂಬಿಕೊಂಡು ಕಪ್ಪಾಗುತ್ತದೆ. ಗಾಳಿಯಾಡದ ಆ ಒಳಭಾಗದಲ್ಲಿ ಆಮ್ಲಜನಕವನ್ನು ಬೇಡದ ಬ್ಯಾಕ್ಟೀರಿಯಗಳು ನೆಲಸಿ, ಅಸಿಟಿಕ್, ಪ್ರೊಪಿಯೋನಿಕ್, ಬ್ಯುಟಿರಿಕ್ ಮೊದಲಾದ ಆಮ್ಲಗಳನ್ನು ಉತ್ಪತ್ತಿಮಾಡುತ್ತವೆ. ಕೆಟ್ಟ ತುಪ್ಪದ ಕಮಟಿಗೆ ಕಾರಣವಾದ ಬ್ಯುಟಿರಿಕ್ ಆಮ್ಲವೇ ಇಲ್ಲಿಯ ನಾತಕ್ಕೂ ಬಹುಮಟ್ಟಿಗೆ ಕಾರಣ. ೧೯೭೪ರಲ್ಲಿ ಝೈಕಸ್ ಮತ್ತು ವಾರ್ಡ್ ಎಂಬ ಅಮೆರಿಕನ್ ವಿಜ್ಞಾನಿಗಳು, ಜೀವಂತ ಮರದ ಇಂಥ ಒದ್ದೆಚೇಗಿನಲ್ಲಿ ಮೀಥೇನ್ ಅನಿಲವನ್ನೂ ಬ್ಯಾಕ್ಟೀರಿಯಗಳು ತಯಾರಿಸುತ್ತವೆಂದು ತೋರಿಸಿದರು.

ಈ ವರ್ಗದಲ್ಲಿ ಒಂದೇ ಜಾತಿಯ ಎರಡು ಮರಗಳಲ್ಲಿ ಒಂದು ನಾರಬಹುದು, ಇನ್ನೊಂದು ನಾರದೆ ಇರಬಹುದು. ಆದುದರಿಂದ ನಾತವು ಜಾತಿಲಕ್ಷಣವಲ್ಲ, ರೋಗಲಕ್ಷಣ. ಆದಾಗ್ಯೂ ಅದು ನಿರುಪಯುಕ್ತವಲ್ಲ. ಬ್ಯಾಕ್ಟೀರಿಯ ತಗುಲಿದ ಕೆಂಪು ಓಕಿನ ಹಲಗೆಯನ್ನು ಬಿಸಿಗೂಡಿನಲ್ಲಿ ಒಣಗಿಸಿದರೆ ಅದು ಒಳಗೊಳಗೇ ಜೇನುಗೂಡಿನಂತೆ ಬಿರಿಯುತ್ತದೆ. ಹೊರಗೆ ನೋಡಿದರೆ ಗೊತ್ತಾಗದು. ಅಲ್ಲಿ ಮೂಗು ಕಣ್ಣಿಗಿಂತ ಮೊದಲು ಎಚ್ಚರಿಸುತ್ತದೆ. ಹಸಿಹಲಗೆಯ ಕೆಟ್ಟ ಹುಳಿವಾಸನೆಯನ್ನು ಗುರುತಿಸಿ ಅದನ್ನು ಬೇರೆಯಾಗಿ ನಿಧಾನವಾಗಿ ಒಣಗಿಸಿದರೆ ನಷ್ಟ ತಪ್ಪುತ್ತದೆ.

೫. ಹೆಸರುಗಳು ದಾರಿ ತಪ್ಪಿಸುವ ಬಗೆ

ಲ್ಯಾಟಿನ್ನಿನ ‘ಫೀಟಿಡ’ ಎಂಬ ವಿಶೇಷಣವು ಅನೇಕ ಸಸ್ಯನಾಮಗಳಿಗೆ ಅಂಟಿಕೊಂಡಿದೆ. ಅದು ನಾರುತ್ತದೆಂದು ಹೇಳುತ್ತದೆಯೇ ಹೊರತು ಏನು ನಾರುತ್ತದೆಂದು ಹೇಳುವುದಿಲ್ಲ. ೧೭೫೩ರಲ್ಲಿ ಲಿನೇಯಸನು ಹೆಸರಿಸಿದ ಸ್ಟರ್ಕ್ಯೂಲಿಯ ಫೀಟಿಡವನ್ನು ತೆಗೆದುಕೊಳ್ಳೋಣ. ಕುಲನಾಮವು ರೋಮನರ ಗೊಬ್ಬರದ ದೇವತೆಯದು, ಜಾತಿನಾಮವು ನಾರುವುದೆಂದು. ‘ಪೀನಾರಿ’ ಎಂಬ ದೇಶೀಯ ನಾಮವೂ ಮಲದಂತೆ ನಾರುವುದೆಂದೇ ಹೇಳುತ್ತದೆ. ಇಷ್ಟೆಲ್ಲ ಹೆಸರುಗಳಿಗೆ ಮುಖ್ಯ ಕಾರಣ ಅದರ ಹೂವು. ಎಲೆಯುದುರಿದ ಕೊಂಬೆಗಳಲ್ಲಿ ಕೆಂಪುಮಿಶ್ರಿತ ಹೂಗೊಂಚಲುಗಳು ಅರಳಿದಾಗ ನೊಣಗಳನ್ನು ಕರೆಯುವ ನಾತ ಹಬ್ಬುತ್ತದೆ. ಹೂಬಿಡದ ತಿಂಗಳುಗಳಲ್ಲಿ ಆ ಮರದ ನೆರಳಿನಲ್ಲಿ ಕುಳಿತವರಿಗೆ ಅದರ ಹೆಸರಿನ ಅರ್ಥವೇ ತಿಳಿಯದು. ಇದನ್ನು ಗುರೆಂದದ ಸಾಲಿನಲ್ಲಿ ನಿಲ್ಲಿಸುವುದು ತಪ್ಪು.

ಇನ್ನೊಂದು ಉದಾಹರಣೆ ಇದಕ್ಕಿಂತ ವಿನೋದಕರವಾಗಿದೆ. ಬೇವಿನ ಕುಟುಂಬದ ಡೈಸಾಕ್ಸಿಲಮ್ ಎಂಬ ಕುಲಕ್ಕೆ ಆ ಹೆಸರು ಬಂದುದು ಅದರ ಕೆಲವು ಜಾತಿಗಳ ಕಾಷ್ಠದ ಬೆಳ್ಳುಳ್ಳಿವಾಸನೆಯಿಂದ. ಗ್ರೀಕಿನಲ್ಲಿ ‘ಕೆಟ್ಟ ಮರ’ವೆಂದು ಅದರ ಭಾವ. ಆದರೆ ಡೈಸಾಕ್ಸಿಲಮ್ ಮಲಬಾರಿಕಮ್ ಎಂದು ಹೆಸರಾದ ನಮ್ಮ ಘಟ್ಟದ ಬಿಳಿದೇವದಾರಿನ ಕಾಷ್ಠವು ಸುವಾಸನೆಯುಳ್ಳದ್ದು. ಗ್ರಂಥದ ಹೆಸರು ‘ಕೆಟ್ಟ ಮರ’, ಜನರ ಹೆಸರು ‘ದೇವದಾರು’. ಪುಸ್ತಕದಲ್ಲಿ ಕುಲನಾಮದ ಅರ್ಥವನ್ನಷ್ಟೇ ಓದಿದ ವಿದ್ಯಾರ್ಥಿಯು ಕಾಡಿನಲ್ಲಿ ಆ ಮರವನ್ನು ಗುರುತಿಸಲಾರನು.

೬. ನಾತವು ಮರವನ್ನು ಕಾಯಲಿಲ್ಲ

ನಾರುವ ಮರವನ್ನು ಯಾರೂ ಮುಟ್ಟುವುದಿಲ್ಲ, ಆದುದರಿಂದ ಅದು ಕಾಡಿನಲ್ಲಿ ಸುಖವಾಗಿ ಉಳಿಯುತ್ತದೆ ಎಂದು ಭಾವಿಸುವವರುಂಟು. ಎರಡು ಮರಗಳ ಚರಿತ್ರೆಯಿಂದ ಈ ಭಾವನೆಯು ನಿಲ್ಲದೆ ಹೋಗುತ್ತದೆ.

ಮೊದಲನೆಯದು ದಕ್ಷಿಣ ಆಫ್ರಿಕದ ಒಕೋಟಿಯ ಬುಲ್ಲಾಟ. ಡಚ್ ವಲಸೆಗಾರರು ಇದನ್ನು ‘ನಾರುಮರ’ವೆಂದು ಕರೆದರು. ಕಡಿದಾಗ ಹೊರಡುವ ವಾಸನೆ ಅಸಹ್ಯಕರ. ಆದರೆ ಮರ ಒಣಗಿದಂತೆ ಅದು ಅಳಿದುಹೋಗಿ, ಕಪ್ಪುಗೂಡಿದ ಕಂದುಬಣ್ಣದ, ನಯವಾದ, ಬಾಳುವ ಹಲಗೆ ಉಳಿಯುತ್ತದೆ. ಪೀಠೋಪಕರಣಗಳಿಗೆ ಇದಕ್ಕಿಂತ ಮಿಗಿಲಾದ ಮರ ಆ ನಾಡಿನಲ್ಲಿಲ್ಲವೆಂಬ ಖ್ಯಾತಿ ಬಂದ ಮೇಲೆ ನೈಸ್ನ ಪ್ರದೇಶದ ಕಾಡುಗಳಲ್ಲಿ ಕೊಡಲಿಗೆ ಬಿಡುವಿಲ್ಲದಂತಾಯಿತು. ಕೊನೆಗೆ ೧೯೩೯ರಲ್ಲಿ ಅಲ್ಲಿನ ಸರ್ಕಾರವು ಮರಕಡಿಯುವವರಿಗೆ ವರ್ಷಾಶನ ಗೊತ್ತುಮಾಡಿ ಕಾಡನ್ನು ಅವರಿಗೆ ಮುಚ್ಚಬೇಕಾಯಿತು. ಅದಲ್ಲದೆ ನಾಟಿವೈದ್ಯಕ್ಕಾಗಿ ತೊಗಟೆಯನ್ನು ಸುತ್ತಲೂ ಸುಲಿಯುವುದರಿಂದ ನಿಂತ ಮರಗಳೂ ಸಾಯುತ್ತ ಬಂದಿವೆ. ಇಂದು ಅದು ೧೯೯೮ರ ಅರಣ್ಯ ಕಾಯಿದೆಯಡಿಯಲ್ಲಿ ಸಂರಕ್ಷಿತ ವೃಕ್ಷ.

ಎರಡನೆಯದು ನಮ್ಮದೇ ಪಶ್ಚಿಮಘಟ್ಟಗಳದು. ಕನ್ನಡದಲ್ಲಿ ‘ದುರ್ವಾಸನೆ ಮರ’ವೆಂದು ಕರೆಯಲ್ಪಡುವ ಈ ಚಿಕ್ಕ ಮರವು ಸಸ್ಯಶಾಸ್ತ್ರದಲ್ಲಿ ಬಹುಕಾಲ ಮಪ್ಪಿಯ ಫೀಟಿಡ, ಬಳಿಕ ನೋಥಪೊಡೈಟಿಸ್ ಫೀಟಿಡ ಎಂದು ಪ್ರಸಿದ್ಧವಾಗಿತ್ತು. ಮರಾಠಿಯಲ್ಲಿ ಇದಕ್ಕೆ ‘ನರಕ್ಯಾ’ ಎಂದು ಹೆಸರು. ನರಕದ ನೆನಪು ತರುವ ಹೆಸರದು. ಅದೇ ಮರಾಠಿಯಲ್ಲಿ ‘ಅಮೃತಾ’ ಎಂಬ ಹೆಸರೂ ಉಂಟು. ಒಂದೇ ಮರಕ್ಕೆ ನರಕವೂ ಅಮೃತವೂ ಹೆಸರಾಗಿರುವುದು ಮುಂದಿನ ಸಂಗತಿಯನ್ನು ನೋಡಿದರೆ ಅಸಂಗತವೆನಿಸದು.

೧೯೬೬ರಲ್ಲಿ ಅಮೆರಿಕದ ಮನ್ರೋ ವಾಲ್ ಮತ್ತು ಮನ್ಸುಖ್ ವಾನಿ ಎಂಬ ವಿಜ್ಞಾನಿಗಳು ಚೀನದೇಶದ ಕ್ಯಾಂಪ್ಟೊಥೀಕ ಎಂಬ ಮರದಿಂದ ಕ್ಯಾಂಪ್ಟೊಥೀಸಿನ್ ಎಂಬ ಕ್ಷಾರಕಲ್ಪವನ್ನು ಬೇರ್ಪಡಿಸಿ, ಅದಕ್ಕೆ ಅರ್ಬುದ ರೋಗವನ್ನು ತಡೆಯುವ ಶಕ್ತಿಯಿದೆಯೆಂದು ಪ್ರಕಟಿಸಿದರು. ಆ ಮರವನ್ನು ಚೀನೀಯರು ‘ಸಂತೋಷದ ಮರ’ವೆಂದು ಕರೆಯುತ್ತಾರೆ. ೧೯೭೨ರಲ್ಲಿ ಟಿ. ಆರ್. ಗೋವಿಂದಾಚಾರಿ ಮತ್ತು ಎನ್. ವಿಶ್ವನಾಥನ್ ಅವರು ಅದೇ ವಸ್ತುವು ನಮ್ಮ ದುರ್ವಾಸನೆ ಮರದಲ್ಲಿಯೂ ಉಂಟೆಂದು ಕಂಡುಹಿಡಿದರು. ಸಂತೋಷದ ಮರದಲ್ಲಿಯೂ ನರಕದ ಮರದಲ್ಲಿಯೂ ಇದ್ದುದು ಒಂದೇ ಔಷಧ. ಜೀವಕೋಶವು ವಿಭಜನೆಗೊಳ್ಳುವ ಮುನ್ನ ಅದರ ಡಿ.ಎನ್.ಎ. ಎಳೆಯ ಸಿಕ್ಕನ್ನು ಬಿಡಿಸುವ ಟೊಪೊಐಸೊಮರೇಸ್ ಎಂಬ ಕಿಣ್ವವನ್ನು ಇದು ಕೆಲಸದ ನಡುವೆಯೇ ಸಿಕ್ಕಿಸಿಬಿಡುತ್ತದೆಂಬುದು ೧೯೮೫ರಲ್ಲಿ ತಿಳಿಯಿತು. ಇದರಿಂದ ರೂಪಿಸಿದ ಟೊಪೊಟೀಕಾನ್, ಇರಿನೊಟೀಕಾನ್ ಎಂಬ ಎರಡು ಔಷಧಗಳಿಗೆ ೧೯೯೬ರಲ್ಲಿ ಅಮೆರಿಕದಲ್ಲಿ ಅನುಮತಿ ದೊರೆಯಿತು. ಅಂಡಾಶಯ, ಕರುಳು ಮೊದಲಾದವುಗಳ ಅರ್ಬುದಕ್ಕೆ ಅವು ಇಂದಿಗೂ ಬಳಕೆಯಲ್ಲಿವೆ.

ಇಲ್ಲಿ ಒಂದು ಭ್ರಮೆಯನ್ನು ನಿವಾರಿಸಬೇಕು. ಈ ಔಷಧಕ್ಕೂ ಮರದ ನಾತಕ್ಕೂ ಸಂಬಂಧವಿಲ್ಲ. ಕ್ಯಾಂಪ್ಟೊಥೀಸಿನ್ ಆವಿಯಾಗದ ಹಳದಿಛಾಯೆಯ ಹರಳು. ಅದು ಮೂಗಿಗೆ ಸಿಕ್ಕುವುದೇ ಇಲ್ಲ. ಹೂವಿನ ಕೆಟ್ಟ ವಾಸನೆಯು ಈ ಮರಕ್ಕೆ ಹೆಸರನ್ನು ತಂದಿತು. ಮೂಗು ಅರಿಯದ ವಸ್ತುವು ಅದಕ್ಕೆ ಬೆಲೆಯನ್ನು ತಂದಿತು. ಆ ಬೆಲೆಯೇ ಅದಕ್ಕೆ ಮೃತ್ಯುವಾಯಿತು. ಒಣತೂಕದಲ್ಲಿ ನೂರಕ್ಕೆ ಒಂದು ಭಾಗಕ್ಕಿಂತಲೂ ಸಾಮಾನ್ಯವಾಗಿ ಕಡಿಮೆಯಿರುವ ಈ ವಸ್ತುವಿಗಾಗಿ ಮರಗಳನ್ನು ಬುಡಸಹಿತ ಕಡಿದು, ಕಾಂಡವನ್ನೂ ಬೇರನ್ನೂ ಚೂರುಮಾಡಿ ಸಾಗಿಸುವ ವ್ಯಾಪಾರ ಬೆಳೆಯಿತು. ಹಿಂದೆ ಹೇರಳವಾಗಿದ್ದ ಕಡೆಗಳಲ್ಲಿಯೂ ಮರವು ವಿರಳವಾಯಿತು. ಎಲ್ಲ ಮರಗಳಲ್ಲಿಯೂ ಔಷಧದ ಪ್ರಮಾಣ ಒಂದೇ ಸಮನಲ್ಲ. ಅದು ಹೆಚ್ಚಾಗಿರುವ ಮರಗಳನ್ನು ಗುರುತಿಸಿ ಬೆಳೆಸಿದರೆ ಕಾಡಿನ ಮರವನ್ನು ಉಳಿಸಬಹುದೆಂಬ ಉದ್ದೇಶದಿಂದ ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದ ಸಂಶೋಧಕರು ಘಟ್ಟದ ಬೇರೆ ಬೇರೆ ಭಾಗಗಳ ಮರಗಳನ್ನು ಅಳೆದು ನೋಡಿದ್ದಾರೆ.

ಈ ಮರದ ಹೆಸರಿನ ಕಥೆಗೂ ಒಂದು ತಿರುವುಂಟು. ೧೮೩೯ರಲ್ಲಿ ಜಾನ್ ಗ್ರಹಾಮನು ಮುಂಬಯಿಯ ಸಸ್ಯಗಳ ಪಟ್ಟಿಯಲ್ಲಿ ನಿಮ್ಮೊ ಎಂಬ ಸಸ್ಯಪ್ರೇಮಿಯ ಗೌರವಾರ್ಥವಾಗಿ ಇದಕ್ಕೆ ‘ನಿಮ್ಮೋನಿಯಾನ’ ಎಂಬ ಜಾತಿನಾಮವನ್ನು ಕೊಟ್ಟಿದ್ದನು. ವೈಟನು ‘ನಾರುವುದು’ ಎಂದು ಹೆಸರಿಸಿದುದು ಅದರ ಬಳಿಕ. ಮೊದಲಿನ ಹೆಸರೇ ಸಲ್ಲಬೇಕೆಂಬ ಸಸ್ಯನಾಮಕರಣದ ನಿಯಮದಂತೆ ಈಗ ನೋಥಪೊಡೈಟಿಸ್ ನಿಮ್ಮೋನಿಯಾನ ಎಂಬುದೇ ಶಾಸ್ತ್ರಸಮ್ಮತವಾದ ಹೆಸರು. ಗ್ರಂಥದ ಹೆಸರಿನಿಂದ ದುರ್ಗಂಧವು ಹೊರಟುಹೋಯಿತು. ಅದು ಉಳಿದಿರುವುದು ಜನರ ಮಾತಿನಲ್ಲಿ ಮಾತ್ರ.

೭. ವಿದ್ಯಾರ್ಥಿಗಳಿಗೆ ಕೆಲವು ಸೂಚನೆಗಳು

ಒಣಹಾಳೆಯ ಸಸ್ಯಸಂಗ್ರಹದಲ್ಲಿ ಎಲೆಯ ಆಕಾರ ಉಳಿಯುತ್ತದೆ, ರೋಮಗಳು ಉಳಿಯುತ್ತವೆ, ಹೂವಿನ ಬಣ್ಣವೂ ಒಂದಿಷ್ಟು ಉಳಿಯುತ್ತದೆ. ವಾಸನೆ ಮಾತ್ರ ಉಳಿಯುವುದಿಲ್ಲ. ಕಾಷ್ಠಶಾಸ್ತ್ರಜ್ಞರ ಅಂತರರಾಷ್ಟ್ರೀಯ ಸಂಘವು ೧೯೮೯ರಲ್ಲಿ ಪ್ರಕಟಿಸಿದ ಲಕ್ಷಣಪಟ್ಟಿಯಲ್ಲಿ ವಿಶಿಷ್ಟ ವಾಸನೆಗೂ ಒಂದು ಸ್ಥಾನವಿದೆ. ಆದರೆ ಪಟ್ಟಿಯಲ್ಲಿ ಸ್ಥಾನವಿದ್ದರೆ ಸಾಲದು, ಕಾಡಿನಲ್ಲಿ ಬರೆದಿಟ್ಟುಕೊಳ್ಳುವವರು ಬೇಕು. ಆದುದರಿಂದ ಸಸ್ಯಸಂಗ್ರಹಕ್ಕೆ ಹೊರಡುವ ವಿದ್ಯಾರ್ಥಿಗಳು ಈ ಕೆಳಗಿನ ಅಂಶಗಳನ್ನು ಟಿಪ್ಪಣಿಯಲ್ಲಿ ಸೇರಿಸಬೇಕೆಂದು ನಾವು ಸೂಚಿಸುತ್ತೇವೆ.

ಮೊದಲನೆಯದು, ಯಾವ ಭಾಗ ನಾರುತ್ತದೆ: ಹೂವೆ, ಎಲೆಯೆ, ತೊಗಟೆಯೆ, ರಸಕಾಷ್ಠವೆ, ಚೇಗೆ, ಬೇರೆ? ಎರಡನೆಯದು, ‘ಕೆಟ್ಟ ವಾಸನೆ’ ಎಂದು ಬರೆದು ಬಿಡದೆ ಏನನ್ನು ಹೋಲುತ್ತದೆಂದು ಹೇಳಬೇಕು. ಮಲದಂತೆ ಎಂದರೆ ಸಾರಜನಕದ ಕಡೆಗೆ, ಬೆಳ್ಳುಳ್ಳಿ ಅಥವಾ ಕೊಳೆತ ಕೋಸಿನಂತೆ ಎಂದರೆ ಗಂಧಕದ ಕಡೆಗೆ, ಕಮಟು ತುಪ್ಪದಂತೆ ಎಂದರೆ ಬ್ಯಾಕ್ಟೀರಿಯಗಳ ಕಡೆಗೆ ಸಂದೇಹ ಹೋಗುತ್ತದೆ. ರಸಾಯನಪರೀಕ್ಷೆ ಅಲ್ಲಿಂದ ಆರಂಭವಾಗಬಹುದು. ಮೂರನೆಯದು, ಕಡಿದ ಕೂಡಲೇ, ಒಂದು ದಿನದ ಬಳಿಕ, ಒಂದು ವಾರದ ಬಳಿಕ ಮತ್ತು ನೀರು ಚಿಮುಕಿಸಿದಾಗ ವಾಸನೆ ಹೇಗಿರುತ್ತದೆಂಬುದನ್ನು ಬೇರೆ ಬೇರೆಯಾಗಿ ನೋಡಬೇಕು. ನಾಲ್ಕನೆಯದು, ಅದೇ ಜಾತಿಯ ಹಲವು ಮರಗಳನ್ನು ಪರೀಕ್ಷಿಸಿ ನಾತವು ಜಾತಿಯದೋ ಒಂದು ಮರದ ರೋಗದ್ದೋ ಎಂದು ನಿರ್ಧರಿಸಬೇಕು. ಐದನೆಯದು, ಸ್ಥಳೀಯರು ಆ ಮರಕ್ಕೆ ಇಟ್ಟಿರುವ ಹೆಸರನ್ನೂ ಅದರ ಬಳಕೆಯನ್ನೂ ಅವರ ಮಾತಿನಲ್ಲಿಯೇ ಬರೆದುಕೊಳ್ಳಬೇಕು. ಅಸಭ್ಯವೆಂದು ಹೆಸರನ್ನು ತಿದ್ದಕೂಡದು. ಇಷ್ಟಕ್ಕೆಲ್ಲ ಬಿದ್ದ ಕೊಂಬೆಯ ಒಂದು ಚೂರು ಸಾಕು. ಮರವನ್ನು ಕಡಿಯುವ ಅಗತ್ಯವಿಲ್ಲ.

ಥುನ್‌ಬರ್ಗನ ಬಳಿ ಪ್ರಯೋಗಶಾಲೆಯಿರಲಿಲ್ಲ. ಅವನು ಮರವನ್ನು ಉಜ್ಜಿ, ನೀರು ಚಿಮುಕಿಸಿ, ಮೂಸಿ, ಊರಿನವರನ್ನು ವಿಚಾರಿಸಿ ಬರೆದನು. ಡನ್‌ಸ್ಟನ್ನನ ವಿಶ್ಲೇಷಣೆಯು ಆ ಮಾತನ್ನು ಸ್ಥಿರಪಡಿಸಿತು. ನಮ್ಮ ಘಟ್ಟದ ಕಾಡುಗಳಲ್ಲಿ ಇನ್ನೂ ಎಷ್ಟೋ ಮರಗಳು ಇಂಥ ನಾಲ್ಕು ವಾಕ್ಯಗಳ ವಿವರಣೆಯಿಲ್ಲದೆ, ‘ನಾರುತ್ತದೆ’ ಎಂಬ ಒಂದೇ ಮಾತಿನಲ್ಲಿ ಮುಗಿದಿವೆ. ಅವುಗಳನ್ನು ಅರಸಿ ಕಡಿಯುವವರು ಬರುವುದಕ್ಕೆ ಮೊದಲು ಅರಿತು ಬರೆಯುವವರು ಹೋಗಲಿ ಎಂಬುದೇ ಈ ಲೇಖನದ ಆಶಯ.